ಬಣ್ಣದ ತಜ್ಞೆಯ ಜೊತೆ ಪ್ರಶ್ನೋತ್ತರ: ಸೀಸದ ಧೂಳು, ಹಕ್ಕಳೆ ಏಳುವ ಗೇಟು, ಮುಚ್ಚದ ಹಳದಿ

ನಿರ್ವಾಹಕ: ಇವತ್ತು ಸಂಜೆ 6ರಿಂದ 9ರವರೆಗೆ ಬಣ್ಣದ ಬಗ್ಗೆ ಕೇಳಬಹುದು. ಎನಾಮೆಲ್ ಮತ್ತು ಪ್ರೈಮರ್ ತಯಾರಿಕೆಯ ಲ್ಯಾಬ್‌ನಲ್ಲಿರುವ ರಸಾಯನ ತಜ್ಞೆ ಉತ್ತರಿಸುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಹಾಸನ: ಮೇಡಂ ನಮಸ್ಕಾರ. ಒಳಗೋಡೆಗೆ ಯಾವ ಕಂಪನಿ ಒಳ್ಳೇದು?

ತಜ್ಞೆ: ನಮಸ್ಕಾರ. ಕಂಪನಿ ಹೆಸರು ಹೇಳುವುದಿಲ್ಲ, ಕ್ಷಮಿಸಿ. ನೀರಿನ ಎಮಲ್ಶನ್ ಸಾಕು. ಹೊಸ ಗಾರೆಯಾದರೆ 28 ದಿನ ಬಿಟ್ಟು, ಗೋಡೆ ಒಣಗಿದ್ದು ಖಚಿತವಾದ ಮೇಲೆ ಹಚ್ಚಿಸಿ.

ಕುಂದಾಪುರ: ಮೇಡಂ, ಹೊಸ ಜಿಐ (ಸತು ಲೇಪಿಸಿದ ಕಬ್ಬಿಣ) ಗೇಟಿಗೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟ್ ಎನಾಮೆಲ್ ಹೊಡೆಸಿದ್ದೆವು. ಏಳೇ ತಿಂಗಳಿಗೆ ಹಾಳೆ ಹಾಳೆಯಾಗಿ ಕಿತ್ತು ಬರ್ತಿದೆ. ಕೆಳಗೆ ತುಕ್ಕೇ ಇಲ್ಲ. ಪೇಂಟ್ ನಕಲಿಯಾ?

ತಜ್ಞೆ: ಕಿತ್ತ ಹಾಳೆಯ ಹಿಂಬದಿ ಮುಟ್ಟಿ ನೋಡಿ. ಸೋಪಿನ ಹಾಗೆ ಜಿಡ್ಡಾಗಿ, ಲೋಹ ಹೊಳೆಯುತ್ತಿದ್ದರೆ ಪೇಂಟ್ ನಕಲಿಯಲ್ಲ, ಆಯ್ಕೆ ತಪ್ಪು. ಎನಾಮೆಲ್, ರೆಡ್ ಆಕ್ಸೈಡ್ ಪ್ರೈಮರ್ ಎರಡರಲ್ಲೂ ಇರುವುದು ಆಲ್ಕಿಡ್, ಅಂದರೆ ಎಣ್ಣೆ ಬೆರೆತ ರಾಳ. ಜಿಐ ಮೇಲಿರುವುದು ಸತು. ತೇವದಲ್ಲಿ ಸತು ಕ್ಷಾರವಾಗಿ ವರ್ತಿಸುತ್ತದೆ. ಎಣ್ಣೆಯೊಳಗಿನ ಕೊಬ್ಬಿನಾಮ್ಲದ ಜೊತೆ ಸೇರಿ ಸತುವಿನ ಸೋಪು ಕಟ್ಟುತ್ತದೆ. ಆ ಸೋಪಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ.

ಮೇಲೆ ಇನ್ನೊಂದು ಕೋಟ್ ಹೊಡೆಸಬೇಡಿ. ಎಲ್ಲವನ್ನೂ ಕೆರೆದು ತೆಗೆಸಿ. ಬಿಳಿ ಪುಡಿ ಕಟ್ಟಿದ್ದರೆ ನೂರು ಭಾಗ ನೀರಿಗೆ ಒಂದೆರಡು ಭಾಗ ಅಮೋನಿಯಾ ಬೆರೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ತಂತಿ ಬ್ರಷ್ ಸತುವನ್ನೇ ಕೆರೆದುಬಿಡುತ್ತದೆ. ಒಣಗಿದ ಮೇಲೆ ಜಿಐಗೆ ಹೊಂದುವ ಟು-ಪ್ಯಾಕ್ (ಎರಡು ಡಬ್ಬಿ ಬೆರೆಸಿ ಹಚ್ಚುವ) ಎಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್, ಒಣ ಪದರ 50ರಿಂದ 60 ಮೈಕ್ರಾನ್. ಅದರ ಮೇಲೆ ಟು-ಪ್ಯಾಕ್ ಪಿಯು (ಪಾಲಿಯುರೆಥೇನ್) 40ರಿಂದ 50 ಮೈಕ್ರಾನ್. ಎಪಾಕ್ಸಿಯನ್ನೇ ಮೇಲಿನ ಕೋಟ್ ಮಾಡಿದರೆ ಬಿಸಿಲಿಗೆ ಪುಡಿ ಏಳುತ್ತದೆ. ಗಾಳಿಯ ತೇವ 85% ದಾಟಿದ ದಿನ ಕೆಲಸ ಬೇಡ. ಲೋಹದ ತಾಪ ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಪಿಯು ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ, ಒಮ್ಮೆ ಅಸ್ತಮಾ ಹತ್ತಿಸಿದರೆ ಆಮೇಲೆ ಹನಿ ತಾಗಿದರೂ ಉಸಿರು ಕಟ್ಟಬಹುದು. ಸ್ಪ್ರೇ ಮಾಡಿಸಬೇಡಿ, ಬ್ರಷ್‌ನಲ್ಲೇ ಮಾಡಿಸಿ.

ಶಿರಸಿ: ನಮ್ಮ ಕಡೆ ಮೈಲುತುತ್ತದ ನೀರು ಒರೆಸಿ ಆಮೇಲೆ ಪೇಂಟ್ ಹೊಡೀತಾರೆ. ಚೆನ್ನಾಗಿ ಹಿಡಿಯುತ್ತದೆ ಅಂತ ಮೆಸೇಜ್ ಕೂಡ ಬಂದಿತ್ತು.

ತಜ್ಞೆ: ಬೇಡ. ಮೈಲುತುತ್ತದ ತಾಮ್ರ ಸತುವಿನ ಮೇಲೆ ಕಪ್ಪಾಗಿ ಕೂರುತ್ತದೆ. ಆ ಜೋಡಿಗೆ ತೇವ ಸಿಕ್ಕರೆ ಸತು ಕರಗುತ್ತಾ ಹೋಗುತ್ತದೆ. ಅಡಿಕೆಗೆ ಹೊಡೆಯುವುದನ್ನು ಅಡಿಕೆಗೇ ಇಡಿ.

ಹುಬ್ಬಳ್ಳಿ ಗುತ್ತಿಗೆದಾರ: ಮೇಡಂರೀ, ಎಪಾಕ್ಸಿ, ಪಿಯು ಅಂದ್ರ ರೊಕ್ಕ ಯಾರು ಕೊಡ್ತಾರ? ಗ್ರಿಲ್‌ಗೆ ಎಲ್ಲಾರೂ ರೆಡ್ ಆಕ್ಸೈಡೇ ಹಚ್ಚೂದು. ಏನೂ ಆಗಂಗಿಲ್ಲ.

ತಜ್ಞೆ: ಸಾದಾ ಕಬ್ಬಿಣದ ಗ್ರಿಲ್‌ಗೆ ಹಚ್ಚಿ, ತಕರಾರಿಲ್ಲ. ಅವರು ಕೇಳಿದ್ದು ಜಿಐ.

ದಾವಣಗೆರೆ ಪೇಂಟ್ ಅಂಗಡಿ: ಜಿಐಗೆ ಹಳದಿ ಪ್ರೈಮರ್ ಬರುತ್ತದಲ್ಲ, ಜಿಂಕ್ ಕ್ರೋಮೇಟ್. ಅದರಲ್ಲಿ ಸೀಸ ಇಲ್ಲ.

ತಜ್ಞೆ: ಸೀಸ ಇಲ್ಲ, ನಿಜ. ಆರರ ವೇಲೆನ್ಸಿಯ ಕ್ರೋಮಿಯಂ ಇದೆ, ಕ್ಯಾನ್ಸರ್ ತರುವಂಥದ್ದು. ಬಣ್ಣಕ್ಕೆ ಮಿತಿ ಹಾಕಿದ ನಮ್ಮ ದೇಶದ 2016ರ ನಿಯಮ ಸೀಸದ ಬಗ್ಗೆ ಮಾತ್ರ. ಡಬ್ಬಿಯ ಮೇಲೆ ‘ಸೀಸ ಇಲ್ಲ’ ಅಂತಿದ್ದ ಮಾತ್ರಕ್ಕೆ ಉಳಿದದ್ದೆಲ್ಲ ಸುರಕ್ಷಿತ ಎಂದಲ್ಲ. ಅದೇ ಕೆಲಸಕ್ಕೆ ಜಿಂಕ್ ಫಾಸ್ಫೇಟ್ ಇರುವಾಗ ಕ್ರೋಮೇಟ್ ಮಾರಬೇಡಿ.

ತುಮಕೂರು: ಟೆರೇಸ್ ವಾಟರ್‌ಪ್ರೂಫ್ ಕೋಟ್ ಎಷ್ಟು ವರ್ಷ ಬಾಳಿಕೆ ಮೇಡಂ?

ಹಾಸನ: ಹಾಗಾದರೆ ಎಮಲ್ಶನ್‌ನಲ್ಲಿ ಯಾವ ಕಂಪನಿ?

ತಜ್ಞೆ: ಮೇಲೆ ಹೇಳಿದ್ದೇನೆ.

ಮೈಸೂರು: ಅಕ್ಕ, ಅರ್ಜೆಂಟ್. ಬಾಡಿಗೆಗೆ ಹಿಡಿದಿರೋದು 1980ರ ಆಸುಪಾಸಿನ ಮನೆ, ಕಿಟಕಿ ಬಾಗಿಲಿಗೆ ಪದರ ಪದರ ಹಸಿರು, ಕೆಳಗೆ ಹಳದಿ ಎನಾಮೆಲ್. ಪೇಂಟರ್ ನಿನ್ನೆಯಿಂದ ಮೆಷಿನ್‌ನಲ್ಲಿ ಉಜ್ಜುತ್ತಿದ್ದಾರೆ. ಹಾಲ್ ತುಂಬ ಹಸಿರು ಪುಡಿ. ಮಗುವಿಗೆ ಒಂದೂವರೆ ವರ್ಷ, ನೆಲದಲ್ಲೇ ಆಡುತ್ತೆ. ಧೂಳಿಗೆ ಕೆಮ್ಮು ಬರಬಹುದಾ?

ತಜ್ಞೆ: ಮೆಷಿನ್ ಈಗಲೇ ನಿಲ್ಲಿಸಿ. ಮಗುವನ್ನು ಇವತ್ತು ರಾತ್ರಿಯೇ ಬೇರೆ ಮನೆಗೆ ಕಳಿಸಿ. ಆಮೇಲೆ ಉಳಿದದ್ದು ಓದಿ.

ಕೆಮ್ಮಿನ ಪ್ರಶ್ನೆಯಲ್ಲ ಇದು. ಆ ಕಾಲದ ಹಳದಿ ಎನಾಮೆಲ್ ಎಂದರೆ ಬಹುತೇಕ ಲೆಡ್ ಕ್ರೋಮೇಟ್. ಅದಕ್ಕೆ ನೀಲಿ ಬೆರೆಸಿದರೆ ಹಸಿರು. ಬಿಳಿಯಲ್ಲೂ ಒಣಗಿಸುವ ಸೀಸದ ಡ್ರೈಯರ್ ಇರಬಹುದು. ಮನೆಬಳಕೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಪ್ರಕಟವಾದದ್ದು 2016ರ ನವೆಂಬರ್ 1ರಂದು, ಜಾರಿಗೆ ಬಂದದ್ದು ಮರುವರ್ಷ. ಅದಕ್ಕೂ ಹಿಂದಿನ ಎನಾಮೆಲ್ ಎಲ್ಲವನ್ನೂ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಬೇಕು. ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಅಪಾಯ ಕಡಿಮೆ, ಪುಡಿ ಮಾಡಿದಾಗಲೇ ಅದು ವಿಷ. ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ದೊಡ್ಡವರ ಹೊಟ್ಟೆ ನುಂಗಿದ ಸೀಸದ ಸುಮಾರು ಹತ್ತನೇ ಒಂದು ಪಾಲು ಹೀರಿದರೆ ಮಗುವಿನದು ಅರ್ಧದಷ್ಟು ಹೀರಬಹುದು. ಅದು ಹೋಗಿ ಕೂರುವುದು ಬೆಳೆಯುತ್ತಿರುವ ಮಿದುಳು, ಮೂಳೆಗಳಲ್ಲಿ. ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು.

ನಾಳೆ ಮಕ್ಕಳ ವೈದ್ಯರಿಗೆ ತೋರಿಸಿ ರಕ್ತದ ಸೀಸ ಪರೀಕ್ಷೆ ಕೇಳಿ. ಸಿರೆಯಿಂದಲೇ ರಕ್ತ ತೆಗೆಯಬೇಕು. ಬೆರಳು ಚುಚ್ಚಿದರೆ ಚರ್ಮದ ಮೇಲಿನ ಧೂಳು ಸೇರಿ ತಪ್ಪು ಅಂಕಿ ಬರಬಹುದು. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ತಲುಪಿದರೆ ಮೂಲ ಹುಡುಕಿ ಕ್ರಮ ತೆಗೆದುಕೊಳ್ಳಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುರಕ್ಷಿತ ಮಟ್ಟ ಎಂಬುದಿಲ್ಲ ಎಂದೂ ಅದೇ ಹೇಳಿದೆ. ಕಬ್ಬಿಣ ಕಡಿಮೆಯಿದ್ದ ಮಗು ಹೆಚ್ಚು ಸೀಸ ಹೀರುತ್ತದೆ, ಹಾಗಾಗಿ ರಕ್ತಹೀನತೆಯನ್ನೂ ನೋಡಿಸಿ.

ಮನೆ: ಫ್ಯಾನ್ ಹಾಕಬೇಡಿ, ಗುಡಿಸಬೇಡಿ. ಸಾದಾ ವ್ಯಾಕ್ಯೂಮ್ ಸಣ್ಣ ಧೂಳನ್ನು ಹಿಂದಿನಿಂದ ಊದುತ್ತದೆ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದ್ದದ್ದು ಬೇಕು. ನಂತರ ಎರಡು ಬಕೆಟ್: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ, ಬಟ್ಟೆಯನ್ನು ಎಸೆಯಿರಿ. ಆಟಿಕೆ, ಕಿಟಕಿಯ ಹಳಿ, ಹಾಸಿಗೆಯ ಕೆಳಗೆ ಬಿಡಬೇಡಿ. ಪೇಂಟರ್‌ಗೂ ಹೇಳಿ, ಆ ಬಟ್ಟೆಯಲ್ಲಿ ಅವರು ಮನೆಗೆ ಹೋದರೆ ಅವರ ಮಕ್ಕಳಿಗೂ ಇದೇ ಪುಡಿ.

ಮುಂದಿನ ಕೆಲಸ: ಗಟ್ಟಿಯಿರುವ ಕಡೆ ಕೆರೆಯಲೇಬೇಡಿ, ನೀರು ಚಿಮುಕಿಸಿ ವೆಟ್ ಪೇಪರ್‌ನಲ್ಲಿ ಹೊಳಪು ಮುರಿದು ಮೇಲೆ ಹಚ್ಚಿಸಿ. ಹಕ್ಕಳೆ ಎದ್ದ ಕಡೆ ಮಾತ್ರ ಒದ್ದೆ ಮಾಡಿ ಕೈಯಲ್ಲಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಳೆ, ಮುಖಕ್ಕೆ ಸಣ್ಣ ಧೂಳು ತಡೆಯುವ ಪಿ100 ಫಿಲ್ಟರ್ ಇರುವ ಮಾಸ್ಕ್. ಬ್ಲೋ ಲ್ಯಾಂಪ್ ಹಿಡಿದರೆ ಸೀಸ ಹೊಗೆಯಾಗುತ್ತದೆ.

ಮಂಡ್ಯ: *ಫಾರ್ವರ್ಡ್:* ಪೇಂಟ್ ಧೂಳು ಒಳಗೆ ಹೋದರೆ ಹಾಲು, ಬೆಲ್ಲ ಕೊಡಿ, ಸೀಸ ಕರಗಿ ಹೋಗುತ್ತದೆ. ಕೋಣೆಯಲ್ಲಿ ಈರುಳ್ಳಿ ಕತ್ತರಿಸಿಟ್ಟರೆ ವಿಷವನ್ನೆಲ್ಲ ಎಳೆದುಕೊಳ್ಳುತ್ತದೆ.

ತಜ್ಞೆ: ಇದನ್ನು ಅಳಿಸಿ. ದಿನಾ ಹಾಲು, ರಾಗಿ ಉಣ್ಣುವುದು ಮಗುವಿಗೆ ಒಳ್ಳೆಯದು. ಒಳಗೆ ಹೋದ ಸೀಸವನ್ನು ಇವು ಯಾವುದೂ ಕರಗಿಸುವುದಿಲ್ಲ. ಈರುಳ್ಳಿ ಏನನ್ನೂ ಎಳೆಯುವುದಿಲ್ಲ. ಇದನ್ನು ನಂಬಿ ಆ ತಾಯಿ ನಾಳೆ ರಕ್ತ ಪರೀಕ್ಷೆ ಬಿಟ್ಟರೆ ನಷ್ಟ ಯಾರಿಗೆ?

ಮಂಡ್ಯ: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಬಿರುಸಾಗಿ ಹೇಳಬೇಕಿರಲಿಲ್ಲ.

ಪೀಣ್ಯ ತಯಾರಕ: ಮೇಡಂ, ಎನಾಮೆಲ್ ಹಳದಿಯಲ್ಲಿ ಲೆಡ್ ಕ್ರೋಮೇಟ್ ಬಿಟ್ಟು ಆರ್ಗ್ಯಾನಿಕ್ (ಇಂಗಾಲ ಆಧಾರಿತ) ಪಿಗ್ಮೆಂಟ್, ಅಂದರೆ ಬಣ್ಣದ ಪುಡಿಗೆ ಬಂದೆವು. ಮೂರು ಕೋಟ್ ಹೊಡೆದರೂ ಮುಚ್ಚುತ್ತಿಲ್ಲ. ಮೇಲೆ ಒಣಗಿ ಸುಕ್ಕು, ಒಳಗೆ ಮೆತ್ತಗೆ. ಒಂದು ಗ್ರಾಂ ಸೀಸ ಹಾಕದಿದ್ದರೂ ಲ್ಯಾಬ್ ವರದಿ 140 ಪಿಪಿಎಂ. 500 ಕಿಲೋ ಬ್ಯಾಚ್, ಘನಾಂಶ 60%.

ತಜ್ಞೆ: ಮೊದಲು 140. ವರದಿ ಒಣ ಪದರದ ಮೇಲಾದರೆ ನಿಮ್ಮ ಬ್ಯಾಚ್‌ನಲ್ಲಿ 300 ಕಿಲೋ ಒಣ ಬಣ್ಣ, ಅದರಲ್ಲಿ 42 ಗ್ರಾಂ ಸೀಸ. ಲೆಡ್ ಕ್ರೋಮೇಟ್‌ನ ತೂಕದಲ್ಲಿ 64% ಸೀಸ. ಅಂದರೆ ಸುಮಾರು 66 ಗ್ರಾಂ ಹಳೆಯ ಪುಡಿ, ಒಂದು ಹಿಡಿ. ಅಷ್ಟು ನಿಮ್ಮ ಬೀಡ್ ಮಿಲ್‌ನ (ಬಣ್ಣ ಅರೆಯುವ ಯಂತ್ರದ) ಮಣಿಗಳ ನಡುವೆ, ಪೈಪಿನ ಬಾಗಿನಲ್ಲಿ, ಫಿಲ್ಟರ್ ಚೀಲದಲ್ಲಿ ಸುಲಭವಾಗಿ ಉಳಿದಿರುತ್ತದೆ. ಸೀಸದ ಹಳದಿಯನ್ನೂ ಅದೇ ಮಿಲ್‌ನಲ್ಲಿ ಇನ್ನೂ ಅರೆಯುತ್ತಿದ್ದರೆ ಎಷ್ಟು ತೊಳೆದರೂ ತಪ್ಪುವುದಿಲ್ಲ. ಮಿಲ್, ಮಣಿ, ಪಂಪ್ ಬೇರೆ ಮಾಡಿ. ತೊಳೆದ ಟರ್ಪೆಂಟೈನ್ ಮರುಬಳಕೆ, ಮಿಕ್ಕ ಬ್ಯಾಚ್ ಬೆರೆಸುವುದು ನಿಲ್ಲಿಸಿ. ಮರುಬಳಕೆ ಸತುವಿನಿಂದ ಮಾಡಿದ ಜಿಂಕ್ ಆಕ್ಸೈಡ್ ತರಿಸುತ್ತಿದ್ದರೆ ಪ್ರತಿ ಲಾಟ್‌ಗೆ ಸೀಸದ ವರದಿ ಕೇಳಿ.

ಮುಚ್ಚದಿರುವುದು: ಲೆಡ್ ಕ್ರೋಮೇಟ್‌ನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) 2.3ರ ಮೇಲೆ, ರಾಳದ್ದು 1.5. ಆ ಅಂತರವೇ ಮುಚ್ಚುವ ಶಕ್ತಿ. ಆರ್ಗ್ಯಾನಿಕ್ ಹಳದಿಗೆ ಅಷ್ಟು ಅಂತರವಿಲ್ಲ, ಬೆಳಕು ಹಾದುಹೋಗುತ್ತದೆ. ಬಿಸ್ಮತ್ ವನೇಡೇಟ್ ಸೇರಿಸಿ, ಅದು ಮುಚ್ಚುತ್ತದೆ. ಆದರೆ ತುಸು ಹಸಿರು ಛಾಯೆ. ಕೆಂಪು ಛಾಯೆಯ ಆರ್ಗ್ಯಾನಿಕ್ ಹಳದಿಯಿಂದ ಸರಿದೂಗಿಸಿ. ದುಬಾರಿಯೇ. ಖರ್ಚು ಇಳಿಸಲು ತಿಳಿ ಹಳದಿ ಅಂಡರ್‌ಕೋಟ್ ಜೋಡಿಸಿ ಮಾರಿ. ಆರ್ಗ್ಯಾನಿಕ್ ಪುಡಿ ಎಣ್ಣೆ ಹೆಚ್ಚು ಹೀರುತ್ತದೆ, ಪುಡಿಯನ್ನು ಸಮನಾಗಿ ಹರಡಿಸುವ ಡಿಸ್ಪರ್ಸೆಂಟ್ ಹಳೆಯ ಪ್ರಮಾಣದಲ್ಲಿ ಸಾಲದು. ಅರೆದ ನಯ ಅಳೆಯುವ ಹೆಗ್‌ಮನ್ ಮಾಪಕದಲ್ಲಿ 7 ಬರುವವರೆಗೆ ಅರೆಯಿರಿ.

ಸುಕ್ಕು: ಸೀಸದ ಡ್ರೈಯರ್ ತೆಗೆದು ಕೋಬಾಲ್ಟ್ ಹೆಚ್ಚಿಸಿದ್ದೀರಿ ಅನಿಸುತ್ತದೆ. ಕೋಬಾಲ್ಟ್ ಮೇಲ್ಪದರವನ್ನಷ್ಟೇ ಒಣಗಿಸುತ್ತದೆ. ಒಳಗೆ ಒಣಗಿಸಲು ಜಿರ್ಕೋನಿಯಂ ಬೇಕು. ರಾಳದ ಘನಾಂಶದ ಮೇಲೆ ಲೋಹದ ಲೆಕ್ಕದಲ್ಲಿ ಕೋಬಾಲ್ಟ್ 0.05%, ಜಿರ್ಕೋನಿಯಂ 0.2ರಿಂದ 0.3%, ಕ್ಯಾಲ್ಸಿಯಂ 0.1ರಿಂದ 0.2%ರಿಂದ ಶುರು ಮಾಡಿ. ಕ್ಯಾಲ್ಸಿಯಂ ಬಿಡಬೇಡಿ, ಇಲ್ಲದಿದ್ದರೆ ಪಿಗ್ಮೆಂಟ್ ಡ್ರೈಯರನ್ನು ಹೀರಿಕೊಂಡು ಮೂರು ತಿಂಗಳು ಇಟ್ಟ ಡಬ್ಬಿ ಒಣಗುವುದೇ ಇಲ್ಲ.

ಹುಬ್ಬಳ್ಳಿ ಗುತ್ತಿಗೆದಾರ: ಇಷ್ಟೆಲ್ಲಾ ಮಾಡಿ ರೇಟು ಏರಸ್ತೀರಿ. ನಾವು ಇಂಡಸ್ಟ್ರಿಯಲ್ ಡಬ್ಬಿ ತಗೋತೀವಿ, ಸೋವಿ, ಒಂದೇ ಕೋಟ್‌ಗೆ ಮುಚ್ಚತದ. ಸೀಮೆಎಣ್ಣೆ ಹಾಕಿದ್ರ ಇನ್ನೂ ಛಲೋ ಓಡತದ.

ದಾವಣಗೆರೆ ಪೇಂಟ್ ಅಂಗಡಿ: ಸೀಮೆಎಣ್ಣೆ ಹಾಕಿ ಹೊಳಪು ಹೋದ ಮೇಲೆ ಡಬ್ಬಿ ವಾಪಸ್ ತರೋದು ನಿಮ್ಮಂಥವರೇ.

ಹುಬ್ಬಳ್ಳಿ ಗುತ್ತಿಗೆದಾರ: ಇಂಡಸ್ಟ್ರಿಯಲ್ ಡಬ್ಬಿ ಬಿಲ್ ಇಲ್ದ ಮಾರೋರು ಯಾರ್ರೀ? ನಿಮ್ಮಂಥ ಅಂಗಡಿಯವರ!

ಪೀಣ್ಯ ತಯಾರಕ: ಇದೇ ನಮ್ಮ ಹೊಟ್ಟೆಗೆ ಹೊಡೆಯೋದು. ನಾವು ನಿಯಮ ಪಾಲಿಸಿ ನಷ್ಟದಲ್ಲಿ, ಅವರು ಸೀಸದ ಡಬ್ಬಿಗೆ ‘ಇಂಡಸ್ಟ್ರಿಯಲ್’ ಅಂತ ಚೀಟಿ ಅಂಟಿಸಿ ಲಾಭದಲ್ಲಿ.

ನಿರ್ವಾಹಕ: ದಯವಿಟ್ಟು ವೈಯಕ್ತಿಕ ಮಾತು ಬೇಡ.

ತಜ್ಞೆ: ತಯಾರಕರು ಹೇಳಿದ್ದು ಸರಿ. 90 ಪಿಪಿಎಂ ಮಿತಿ ಮನೆಬಳಕೆ ಮತ್ತು ಅಲಂಕಾರಿಕ ಬಣ್ಣಕ್ಕೆ. ಔದ್ಯಮಿಕ ಬಣ್ಣ ಅದರ ಹೊರಗಿದೆ. ಆ ಡಬ್ಬಿ ಹಾರ್ಡ್‌ವೇರ್ ಅಂಗಡಿಯ ಮೂಲಕ ಮನೆಯ ಗ್ರಿಲ್‌ಗೆ, ತೊಟ್ಟಿಲಿಗೆ, ಶಾಲೆಯ ಜಾರುಬಂಡೆಗೆ ಬರುತ್ತದೆ. ಮಿತಿ ಎಲ್ಲ ಬಣ್ಣಕ್ಕೂ ಒಂದೇ ಆಗದೆ ಈ ತೂತು ಮುಚ್ಚುವುದಿಲ್ಲ. ಒಂದೇ ಕೋಟ್‌ಗೆ ಮುಚ್ಚುವ ಸೋವಿ ಹಳದಿ ಏಕೆ ಸೋವಿ ಅಂತ ಗುತ್ತಿಗೆದಾರರು ಯೋಚಿಸಲಿ. ಸೀಮೆಎಣ್ಣೆ ನಿಧಾನ ಆರುತ್ತದೆ, ಜಿಡ್ಡು ಉಳಿಸುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ.

ಹಾವೇರಿ: ಸಗಣಿ ಪೇಂಟ್ ಹೇಗೆ ಮೇಡಂ? ಖಾದಿಯವರದ್ದು.

ಬೆಳಗಾವಿ: ಆನ್‌ಲೈನ್‌ನಲ್ಲಿ ಸೀಸ ಪತ್ತೆಯ ಕಡ್ಡಿ ಸಿಗುತ್ತದೆ. ಒರೆಸಿ ಕೆಂಪಾಗದಿದ್ದರೆ ಸೀಸ ಇಲ್ಲ ಅಂತ ಬರೆದಿದ್ದಾರೆ.

ತಜ್ಞೆ: ಕೆಂಪಾದರೆ ಸೀಸ ಧಾರಾಳ ಇದೆ ಎಂದರ್ಥ. ಆಗದಿದ್ದರೆ ಏನೂ ಅರ್ಥವಿಲ್ಲ. 90 ಪಿಪಿಎಂ ಅದಕ್ಕೆ ಕಾಣುವುದೇ ಇಲ್ಲ. ಮರದವರೆಗಿನ ಎಲ್ಲ ಪದರ ಸೇರಿ ಒಂದೆರಡು ಗ್ರಾಂ ಚೂರನ್ನು ಮಾನ್ಯತೆ ಪಡೆದ ಲ್ಯಾಬ್‌ಗೆ ಕೊಟ್ಟು, ಆಮ್ಲದಲ್ಲಿ ಕರಗಿಸಿ ಎಎಎಸ್ ಅಥವಾ ಐಸಿಪಿಯಲ್ಲಿ (ಲೋಹದ ಪ್ರಮಾಣ ಅಳೆಯುವ ಯಂತ್ರಗಳು) ಅಳೆಸಿ.

ಹಾಸನ: ಕಂಪನಿ ಹೆಸರು ಪರ್ಸನಲ್ ಆಗಿ ಹೇಳಬಹುದಲ್ಲಾ?

ತಜ್ಞೆ: ಇಲ್ಲ.

ತುಮಕೂರು: ನನ್ನ ಟೆರೇಸ್ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಮೈಸೂರು: ಅಕ್ಕ, ಮೆಷಿನ್ ನಿಲ್ಲಿಸಿದ್ವಿ, ಮಗು ಅಜ್ಜಿ ಮನೆಗೆ ಹೋಯ್ತು. ಆದರೆ ಪೇಂಟರ್ ಎರಡು ದಿನದ ಪುಡಿಯನ್ನೆಲ್ಲ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದಿದ್ದಾರಂತೆ.

ತಜ್ಞೆ: ಸೀಸ ಮಣ್ಣಿನಲ್ಲಿ ಕೊಳೆಯುವುದಿಲ್ಲ, ಅಲ್ಲೇ ಇರುತ್ತದೆ. ಗಿಡಕ್ಕೆ ನೀರು ಸುರಿಯಬೇಡಿ, ಗುಡಿಸಬೇಡಿ. ಸ್ವಲ್ಪ ನೀರು ಚಿಮುಕಿಸಿ ಪುಡಿಯನ್ನೂ ಅದರ ಕೆಳಗಿನ 5 ಸೆಂಟಿಮೀಟರ್ ಮಣ್ಣನ್ನೂ ಸಲಿಕೆಯಲ್ಲಿ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲ ಎರಡರೊಳಗೆ ಕಟ್ಟಿ. ಹಸಿ ಕಸಕ್ಕೆ ಹಾಕಬೇಡಿ, ಸುಡಬೇಡಿ. ಪಾಲಿಕೆಯವರಿಗೆ ಅಪಾಯಕಾರಿ ಕಸ ಎಂದು ಹೇಳಿಯೇ ಕೊಡಿ. ಆ ಗಿಡದ ಸೊಪ್ಪು ಅಡುಗೆಗೆ ಬೇಡ. ಅಲ್ಲಿ ಓಡಾಡಿದ ಚಪ್ಪಲಿ ಹೊರಗೇ ಇರಲಿ.