ಆಡದಿದ್ರೂ ಗೇಮ್ ಕಂಟ್ರೋಲರಿನ ಸೆಲ್ ಖಾಲಿ ಆಗ್ತಾ ಉಂಟು, ಎಂತ ಮಾಡುದು?

ಪೆರ್ಲದ_ಪ್ಲೇಯರ್
ನಮಸ್ಕಾರ ಎಲ್ರಿಗೂ. ನನ್ನತ್ರ ಎರಡು ಡಬಲ್-ಎ ಸೆಲ್ ಹಾಕುವ ವಯರ್‌ಲೆಸ್ ಕಂಟ್ರೋಲರ್ ಉಂಟು, ಕಂಪನಿ ಹೆಸರು ಹೇಳುದಿಲ್ಲ, ಹೇಳಿದ್ರೆ ಇಲ್ಲಿ ಅದರದ್ದೇ ಜಗಳ ಸುರು ಆಗ್ತದೆ. ಲ್ಯಾಪ್‌ಟಾಪಿಗೆ ಬ್ಲೂಟೂತಲ್ಲಿ ಕನೆಕ್ಟ್ ಮಾಡಿ ಆಡುದು, ಜಾಸ್ತಿ ಕಾರ್ ರೇಸ್, ತಮ್ಮ ಬಂದ್ರೆ ಫುಟ್ಬಾಲ್. ಮೊದಲೆಲ್ಲ ಒಂದು ಜೊತೆ ಸೆಲ್ ವಾರಗಟ್ಲೆ ಬರ್ತಿತ್ತು, ಈಗ ರಾತ್ರಿ ಆಡಿ ಮೇಜಿನ ಮೇಲೆ ಇಟ್ಟು ಮಲಗಿದ್ರೆ ಮಾರನೇ ದಿನ ಸಂಜೆಗೆ ತೆಗಿಯುವಾಗ ಲೈಟ್ ಮಿಣಿಮಿಣಿ ಮಾಡಿ ಅಲ್ಲಿಗೇ ಬಂದ್. ಮುಟ್ಲೇ ಇಲ್ಲ ಮಾರಾಯ್ರೆ, ಮುಟ್ಟದ್ದು ಹೇಗೆ ಖಾಲಿ ಆಗ್ತದೆ? ಪೇಟೆಯ ಅಂಗಡಿಯವ ಬಿಚ್ಚಿ ಕೂಡ ನೋಡ್ಲಿಲ್ಲ, "ಪುದಿಯದ್ ವಾಂಙಿಕ್ಕೋ", ಹೊಸದು ತಕೋ ಅಂತ ಮಲಯಾಳದಲ್ಲಿ ಹೇಳಿ ಕಳಿಸಿದ. ಹೊಸದಕ್ಕೆ ಸದ್ಯ ದುಡ್ಡಿಲ್ಲ.

ಕುಂಬಳೆ_ಗೇಮರ್
ವೈಬ್ರೇಶನ್ ಆಫ್ ಮಾಡಿ. ರೇಸ್ ಗೇಮಲ್ಲಿ ಒಳಗಿನ ಮೋಟರ್ ಇಡೀ ಹೊತ್ತು ತಿರುಗ್ತಾ ಇರ್ತದೆ, ಸೆಲ್ ಎಳೆಯುದ್ರಲ್ಲಿ ಅದೇ ದೊಡ್ಡದು.

ಪೆರ್ಲದ_ಪ್ಲೇಯರ್
ಆಫ್ ಮಾಡಿಯೇ ಆಡುದು ಅಣ್ಣ, ಕೈ ಜುಮ್ ಅಂತದೆ ಅಂತ ಮೊದಲೇ ತೆಗ್ದಿದ್ದೆ. ಆಡುವಾಗ ಖಾಲಿ ಆದ್ರೆ ಬೇಜಾರಿಲ್ಲ, ಇದು ಇಟ್ಟಲ್ಲೇ ಖಾಲಿ ಆಗುದು.

ಉಪ್ಪಳ_ಸೋಲ್ಡರ್
ಮೊದಲು ಎರಡು ಪ್ರಶ್ನೆ. ಯಾವ ಸೆಲ್ ಹಾಕಿದ್ದು? ಮತ್ತೆ ರಾತ್ರಿ ಲ್ಯಾಪ್‌ಟಾಪ್ ಆಫ್ ಮಾಡ್ತೀರಾ ಇಲ್ಲ ಹಾಗೇ ಬಿಡ್ತೀರಾ?

ಪೆರ್ಲದ_ಪ್ಲೇಯರ್
ಸೆಲ್ ಅಂದ್ರೆ ಗೋಡೆ ಗಡಿಯಾರಕ್ಕೆ ಹಾಕುದಲ್ವಾ ಅದೇ, ಇಲ್ಲಿ ಅಂಗಡಿಯಲ್ಲಿ ಅದೇ ಸಿಗುದು. ಲ್ಯಾಪ್‌ಟಾಪ್ ರಾತ್ರಿ ಆನ್ ಇರ್ತದೆ, ನಮ್ಮಲ್ಲಿ ನೆಟ್ ಸ್ಪೀಡ್ ಬರುದೇ ಹನ್ನೊಂದು ಗಂಟೆ ಮೇಲೆ, ಡೌನ್‌ಲೋಡ್ ಹಾಕಿ ಮಲಗುದು. ಗುಡುಗು ಮಿಂಚು ಇದ್ರೆ ಮಾತ್ರ ಎಲ್ಲ ವಯರ್ ತೆಗ್ದು ಬಂದ್ ಮಾಡುದು.

ಉಪ್ಪಳ_ಸೋಲ್ಡರ್
ಹಾಗಾದ್ರೆ ಎರಡು ವಿಷಯ ಒಟ್ಟಿಗೆ ಸೇರಿದೆ ಅಂತ ಕಾಣ್ತದೆ, ಬೇರೆ ಬೇರೆ ಮಾಡಿ ಹೇಳ್ತೇನೆ.

ಗಡಿಯಾರದ ಸೆಲ್ ಹೆಚ್ಚಿನದ್ದು ಜಿಂಕ್ ಕಾರ್ಬನ್. ಗಡಿಯಾರ, ಟಿವಿ ರಿಮೋಟಿಗೆ ಅದು ಬೇಕಾದಷ್ಟಾಯ್ತು, ಯಾಕಂದ್ರೆ ಅವು ಸೂಜಿಮೊನೆಯಷ್ಟು ಕರೆಂಟ್ ಎಳೆಯುದು. ಕಂಟ್ರೋಲರಲ್ಲಿ ಸಿಗ್ನಲ್ ಕಳಿಸುವ ರೇಡಿಯೊ ಉಂಟು, ಮೋಟರ್ ಉಂಟು, ಹಾಗೆ ಒಮ್ಮೆಲೇ ಜೋರು ಎಳೆಯುವಾಗ ಜಿಂಕ್ ಕಾರ್ಬನ್ನಿನ ವೋಲ್ಟೇಜ್ ಕುಸಿದು ಬೀಳ್ತದೆ, ಸೆಲ್ಲಿನಲ್ಲಿ ಇನ್ನೂ ಜೀವ ಇದ್ರೂ ಕಂಟ್ರೋಲರ್ ಖಾಲಿ ಅಂತ ಹೇಳ್ತದೆ. ಅದೇ ಸೆಲ್ಲನ್ನು ತೆಗ್ದು ಗಡಿಯಾರಕ್ಕೆ ಹಾಕಿ ನೋಡಿ, ತಿಂಗಳುಗಟ್ಲೆ ಓಡ್ತದೆ. ಕವರಿನ ಮೇಲೆ ಆಲ್ಕಲೈನ್ ಅಂತ ಬರ್ದದ್ದು ತಕೊಳ್ಳಿ, ಇಲ್ಲದಿದ್ರೆ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್. ಅದರಲ್ಲೂ ಇಟ್ಟಲ್ಲಿ ಚಾರ್ಜ್ ಸೋರದ ಜಾತಿ ಬರ್ತದೆ, 2005ರಲ್ಲಿ ಸ್ಯಾನ್ಯೋದವರು ಎನೆಲೂಪ್ ಅಂತ ತಂದ್ರಲ್ಲ ಆ ನಮೂನೆದ್ದು, ಸುಮಾರು 2000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಸ್ತದೆ ಅನ್ನುವ ಲೆಕ್ಕ). ಮೇಲೆ ಅದಕ್ಕಿಂತ ದೊಡ್ಡ ದೊಡ್ಡ ನಂಬರ್ ಹಾಕಿದ ಅಗ್ಗದ್ದಕ್ಕೆ ಮರುಳಾಗ್ಬೇಡಿ.

ಇನ್ನೊಂದು, ರೀಚಾರ್ಜ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5. ಕೆಲವು ಕಂಟ್ರೋಲರ್ ಆಲ್ಕಲೈನ್ ಲೆಕ್ಕದಲ್ಲೇ ಮೀಟರ್ ತೋರಿಸುದು, ಆಗ ಫುಲ್ ಚಾರ್ಜ್ ಆದ ಸೆಲ್ ಹಾಕಿದ್ರೂ ಅರ್ಧ ಅಂತ ತೋರಿಸಿ, ಸುಮಾರು ಹೊತ್ತು ಅರ್ಧದಲ್ಲೇ ನಿಂತು, ಕೊನೆಗೆ ಒಮ್ಮೆಲೇ ಬೀಳ್ತದೆ. ಅದನ್ನು ನೋಡಿ ಹೆದರುದು ಬೇಡ.

ಆದ್ರೆ ನಿಮ್ಮ ಅಸಲು ರೋಗ ಸೆಲ್ ಅಲ್ಲ ಅಂತ ನನ್ನ ಅಂದಾಜು. ಕಂಟ್ರೋಲರ್ ಮಲಗುದೇ ಇಲ್ಲ. ಎಕ್ಸ್‌ಬಾಕ್ಸಿನದ್ದಾದ್ರೆ 15 ನಿಮಿಷ ಮುಟ್ಟದಿದ್ರೆ ತಾನಾಗಿ ಆಫ್ ಆಗ್ತದೆ. ಆದ್ರೆ "ಮುಟ್ಲಿಲ್ಲ" ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ! ಹೆಬ್ಬೆರಳಲ್ಲಿ ಅಲುಗಿಸುವ ಸ್ಟಿಕ್ಕಿಗೆ ಡ್ರಿಫ್ಟ್, ಅಂದ್ರೆ ಮುಟ್ಟದಿದ್ರೂ ನಡುವಿಂದ ಜಾರುವ ರೋಗ ಬಂದಿದ್ರೆ ಮೇಜಿನ ಮೇಲೆ ಇದ್ದಲ್ಲೇ ಯಾರೋ ಒತ್ತಿ ಹಿಡಿದ ಹಾಗೆ ಸಿಗ್ನಲ್ ಹೋಗ್ತಾ ಇರ್ತದೆ, ಅದು ಇಡೀ ರಾತ್ರಿ ಎಚ್ಚರ. ಆಲ್ಕಲೈನ್ ಹಾಕಿದ್ರೆ 40 ಗಂಟೆವರೆಗೆ ಬರ್ತದೆ ಅಂತ ಎಕ್ಸ್‌ಬಾಕ್ಸಿನ ಕಂಪನಿ ಮೈಕ್ರೋಸಾಫ್ಟ್ ಹೇಳುದು, ನಿಮ್ಮ ಕಂಟ್ರೋಲರಿನದ್ದೂ ಹೆಚ್ಚುಕಮ್ಮಿ ಅಷ್ಟೇ ಅಂತ ಇಟ್ಕೊಳ್ಳಿ, ರಾತ್ರಿ ಹತ್ತರಿಂದ ಮಾರನೇ ಸಂಜೆ ಆರರವರೆಗೆ ಅಂದ್ರೆ 20 ಗಂಟೆ, ಅಲ್ಲಿಗೆ ಆಲ್ಕಲೈನ್ ಆದ್ರೂ ಅರ್ಧ ಹೋಯ್ತು, ಗಡಿಯಾರದ ಸೆಲ್ ಆದ್ರೆ ಪೂರ್ತಿ ಮುಗೀತು.

ವಿಂಡೋಸ್ ಆದ್ರೆ ರನ್ ಬಾಕ್ಸ್ ತೆಗ್ದು ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಕಂಟ್ರೋಲರಿನ ಪ್ರಾಪರ್ಟೀಸ್ ಒತ್ತಿ. ಒಂದು ಚೌಕದೊಳಗೆ ಪ್ಲಸ್ ಗುರುತು ಬರ್ತದೆ. ಕಂಟ್ರೋಲರ್ ಮೇಜಿನ ಮೇಲಿಟ್ಟು ಕೈ ತೆಗ್ದು ಅದನ್ನೇ ನೋಡ್ತಾ ಕೂತ್ಕೊಳ್ಳಿ.

ಪೆರ್ಲದ_ಪ್ಲೇಯರ್
ನೋಡಿದೆ ಅಣ್ಣ. ಎಡದ ಸ್ಟಿಕ್ಕಿನ ಪ್ಲಸ್ ನಡುವಲ್ಲಿ ನಿಲ್ಲುದೇ ಇಲ್ಲ, ಸ್ವಲ್ಪ ಬಲಕ್ಕೆ ಹೋಗಿ ಅಲ್ಲೇ ನಡುಗ್ತಾ ಉಂಟು. ಆದ್ರೆ ಆಡುವಾಗ ಕಾರ್ ಸೀದಾ ಹೋಗ್ತದಲ್ಲ? ಅದಕ್ಕೇ ಡೌಟೇ ಬರ್ಲಿಲ್ಲ.

ಉಪ್ಪಳ_ಸೋಲ್ಡರ್
ಗೇಮಿನವರು ಡೆಡ್‌ಝೋನ್ ಇಟ್ಟಿರ್ತಾರೆ, ಸ್ಟಿಕ್ ಸ್ವಲ್ಪ ಅಲುಗಿದ್ರೆ ಲೆಕ್ಕಕ್ಕೆ ತಕೊಳ್ಳುದಿಲ್ಲ, ಹಾಗಾಗಿ ನಿಮ್ಗೆ ಗೊತ್ತಾಗ್ಲಿಲ್ಲ. ಗೇಮಲ್ಲಿ ಡೆಡ್‌ಝೋನ್ ಇನ್ನೂ ಜಾಸ್ತಿ ಮಾಡಿದ್ರೂ ಸೆಲ್ ಉಳಿಯುದಿಲ್ಲ, ಅದು ಕಂಪ್ಯೂಟರಿನ ಒಳಗಿನ ವ್ಯವಹಾರ, ಕಂಟ್ರೋಲರ್ ಕಳಿಸುದನ್ನು ಕಳಿಸ್ತಾನೇ ಇರ್ತದೆ.

ಖಾತ್ರಿ ಮಾಡ್ಲಿಕ್ಕೆ ಹೀಗೆ ಮಾಡಿ: ಇವತ್ತು ರಾತ್ರಿ ಆಡಿ ಆದ್ಮೇಲೆ ನಡುವಿನ ಬಟನ್ ಲೈಟ್ ಆರುವವರೆಗೆ ಒತ್ತಿ ಹಿಡೀರಿ, ಐದಾರು ಸೆಕೆಂಡ್, ಕೆಲವಕ್ಕೆ ಹತ್ತು. ಲ್ಯಾಪ್‌ಟಾಪ್ ಎಂದಿನ ಹಾಗೆ ಆನೇ ಇರ್ಲಿ. ಮಾರನೇ ಸಂಜೆ ಸೆಲ್ ಸರಿ ಇದ್ರೆ ಡ್ರಿಫ್ಟೇ ಕಾರಣ. ಹಾಗೆ ಆಫ್ ಮಾಡಿದ್ರೂ ಖಾಲಿ ಆದ್ರೆ ಒಳಗೆ ಬೋರ್ಡಲ್ಲಿ ಎಲ್ಲೋ ಕರೆಂಟ್ ಲೀಕ್ ಉಂಟು, ಆಗ ಮಲ್ಟಿಮೀಟರ್ ಬೇಕು.

ನೀರ್ಚಾಲು_ನೈಟ್
ನಡುವೆ ಬಾಯಿ ಹಾಕ್ತೇನೆ, ಸೆಲ್ ಕೂರುವ ಸ್ಪ್ರಿಂಗ್ ಕೂಡ ನೋಡಿ. ನಮ್ಮ ಕಡೆ ಆಟಿ ತಿಂಗಳಲ್ಲಿ ಚಪ್ಪಲಿಗೇ ಬೂಸರು ಬರ್ತದೆ, ಇನ್ನು ಸ್ಪ್ರಿಂಗ್ ಬಿಡ್ತದಾ? ನನ್ನದ್ರಲ್ಲಿ ಹಸಿರು ಕಿಲುಬು ಹಿಡಿದು ಒಮ್ಮೆ ಆನ್ ಒಮ್ಮೆ ಆಫ್ ಆಗ್ತಿತ್ತು. ಸೆಲ್ ಸೋರಿ ಬಿಳಿ ಹುಡಿ ಕೂತಿದ್ರೆ, ಆಲ್ಕಲೈನ್ ಆದ್ರೆ ಅದು ಕ್ಷಾರ, ಬಡ್ಸಿಗೆ ಒಂದು ಹನಿ ವಿನೆಗರ್ ಇಲ್ಲ ಲಿಂಬೆರಸ ಮುಟ್ಟಿಸಿ ಒರಸಿ, ಮತ್ತೆ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರಸಿ ಒಣಗಿಸಿ. ಬರೀ ಕೈಯಲ್ಲಿ ಕೆರೀಬೇಡಿ.

ಪೆರ್ಲದ_ಪ್ಲೇಯರ್
ಆಲ್ಕಲೈನ್ ಬದಿಯಡ್ಕದಲ್ಲಿ ಸಿಕ್ತು. ಬಟನ್ ಒತ್ತಿ ಆಫ್ ಮಾಡಿ ಇಟ್ಟೆ, ಒಂಚೂರೂ ಇಳಿಲಿಲ್ಲ. ಆಮೇಲೆ ಬೇಕಂತಲೇ ಹಾಗೇ ಬಿಟ್ಟು ನೋಡಿದೆ, ಬೆಳಗ್ಗೆ ಹಾಲು ಕೊಟ್ಟು ಬಂದು ನೋಡುವಾಗ ಲೈಟ್ ಉರೀತಾನೇ ಉಂಟು. ನೀವು ಹೇಳಿದ್ದು ಕರೆಕ್ಟ್. ಸ್ಪ್ರಿಂಗ್ ಕ್ಲೀನ್ ಉಂಟು. ಈಗ ಸ್ಟಿಕ್ ಸರಿ ಮಾಡುದು ಹೇಗೆ?

ಉಪ್ಪಳ_ಸೋಲ್ಡರ್
ಮೊದಲು ಕಡಿಮೆ ಖರ್ಚಿನದ್ದು. ಸೆಲ್ ತೆಗ್ದು, ಸ್ಟಿಕ್ಕಿನ ಬುಡಕ್ಕೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು ಸುತ್ತಲೂ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ. ಧೂಳಾದ್ರೆ ಸರಿ ಆಗ್ತದೆ. ಸ್ಟಿಕ್ಕಿನ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುದು, ಆ ಪಟ್ಟಿ ಸವೆದಿದ್ರೆ ಕ್ಲೀನರ್ ಹೊಡೆದದ್ದು ಸ್ವಲ್ಪ ದಿನಕ್ಕೆ ಮಾತ್ರ. ಮತ್ತೆ ಮಾಡ್ಯೂಲೇ ಬದಲಾಯಿಸ್ಬೇಕು, ಒಂದೊಂದಕ್ಕೆ 14 ಕಡೆ ಸೋಲ್ಡರ್ ತೆಗೀಬೇಕು, ಹೊಸಬರು ಕೈ ಹಾಕಿದ್ರೆ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬರ್ತದೆ. ಬದಲಾಯಿಸುದೇ ಆದ್ರೆ ಆಯಸ್ಕಾಂತದಲ್ಲಿ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿ, ಅದರಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ನಿಮ್ಮ ಬೋರ್ಡಿಗೆ ಆಗ್ತದಾ ಕೇಳಿ ತಕೊಳ್ಳಿ.

ಅಲ್ಲಿವರೆಗೆ ಆಡಿ ಆದ್ಮೇಲೆ ಬಟನ್ ಒತ್ತಿ ಆಫ್ ಮಾಡುದೇ ಮದ್ದು. ಗೇಮ್ ತಕೊಂಡು ಆಡುವ ಸ್ಟೀಮ್ ಆ್ಯಪಲ್ಲಿ ಕಂಟ್ರೋಲರ್ ಸೆಟ್ಟಿಂಗ್ ಒಳಗೆ ಇಷ್ಟು ಹೊತ್ತು ಸುಮ್ಮನಿದ್ರೆ ಆಫ್ ಮಾಡು ಅಂತ ಉಂಟು, ಆದ್ರೆ ಡ್ರಿಫ್ಟ್ ಇದ್ದದ್ದಕ್ಕೆ ಅದನ್ನು ನಂಬ್ಲಿಕ್ಕಾಗುದಿಲ್ಲ.

ಮುಳ್ಳೇರಿಯ_ಮೋಡ್
ಇದೇ ವಿಷಯ ಅಂತ ಇಲ್ಲೇ ಕೇಳ್ತೇನೆ. ನನ್ನದು ಸೆಲ್ ಹಾಕುದಲ್ಲ, ಒಳಗೇ ಬ್ಯಾಟರಿ. ಆನ್‌ಲೈನಲ್ಲಿ 2000 ಎಂಎಎಚ್ ಅಂತ ಬರ್ದ ಬ್ಯಾಟರಿ ತರಿಸಿ ಹಾಕಿದ್ದು, ಒಂದು ಗಂಟೆ ಸಹ ಬರುದಿಲ್ಲ, ಈಗ ಹಿಂದಿನ ಕವರ್ ಬೇರೆ ಎದ್ದು ಬಂದಿದೆ. ಪಿನ್ನಲ್ಲಿ ರೀಸೆಟ್ ಮಾಡಿದ್ರೆ ಸರಿ ಆಗ್ತದಾ?

ಉಪ್ಪಳ_ಸೋಲ್ಡರ್
ರೀಸೆಟ್ ಎಲ್ಲ ಬಿಡಿ, ಮೊದಲು ಚಾರ್ಜರಿನಿಂದ ತೆಗೀರಿ. ಬ್ಯಾಟರಿ ಊದಿದೆ. ಒತ್ತಬೇಡಿ, ಚುಚ್ಚಬೇಡಿ, ಗ್ಯಾಸ್ ತೆಗೀತೇನೆ ಅಂತ ಯೂಟ್ಯೂಬ್ ನೋಡಿ ಸೂಜಿ ಹಾಕುವವರು ಇದ್ದಾರೆ, ಬೆಂಕಿ ಹಿಡಿದ್ರೆ ಲಿಥಿಯಂ ಸುಲಭದಲ್ಲಿ ಆರುದಿಲ್ಲ. ಮನೆ ಒಳಗೆ ಬೇಡ, ಅಡಿಕೆ ಸಿಪ್ಪೆ ರಾಶಿ, ಕಟ್ಟಿಗೆ ಎಲ್ಲ ದೂರ ಇರುವಲ್ಲಿ, ಬಿಸಿಲು ಮಳೆ ಬೀಳದ ಹಾಗೆ ಸಿಮೆಂಟ್ ನೆಲದಲ್ಲಿ ಇಡಿ. ಕವರ್ ಸುಲಭದಲ್ಲಿ ಬಿಚ್ಚಿದ್ರೆ ಪ್ಲಗ್ ಮಾತ್ರ ಎಳೆದು ತೆಗೀರಿ, ಅಂಟಿಕೊಂಡಿದ್ರೆ ಕೀಳ್ಲಿಕ್ಕೆ ಹೋಗ್ಬೇಡಿ, ಹಾಗೇ ಪೇಟೆಗೆ ರಿಪೇರಿಯವರತ್ರ. ಮನೆಮನೆಯಿಂದ ಕಸ ತಕೊಂಡು ಹೋಗುವ ಹರಿತಕರ್ಮಸೇನೆಯವರತ್ರ ಇ-ವೇಸ್ಟ್ ಯಾವಾಗ ತಕೊಳ್ಳುದು ಕೇಳಿ, ಕೊಡುವಾಗ ಊದಿದ ಬ್ಯಾಟರಿ ಅಂತ ಬಾಯಿಬಿಟ್ಟು ಹೇಳಿ, ಪ್ಲಾಸ್ಟಿಕ್ ಚೀಲದೊಟ್ಟಿಗೆ ಸೇರಿಸಿ ಕಳಿಸ್ಬೇಡಿ.

ಹೊಸದು ತಕೊಳ್ಳುವಾಗ: ಪ್ಲೇಸ್ಟೇಷನ್ 4ರ ಕಂಟ್ರೋಲರಿನ ಅಸಲು ಬ್ಯಾಟರಿ 1000 ಎಂಎಎಚ್, 5ರದ್ದು 1560. ಅದೇ ಗಾತ್ರದಲ್ಲಿ ಎರಡು ಪಾಲು ಹಿಡಿಸ್ತೇನೆ ಅಂತ ಬರೆದದ್ದು ಬರೀ ಸ್ಟಿಕ್ಕರ್. 4ರದ್ದಾದ್ರೆ ಹಳೇ ಮಾಡೆಲಿಗೂ ಆಮೇಲೆ ಬಂದದ್ದಕ್ಕೂ ಪ್ಲಗ್ ಸೈಜ್ ಬೇರೆ, ಹಿಂದಿನ ಲೇಬಲಲ್ಲಿ ಝೆಡ್‌ಸಿಟಿ1 ಉಂಟಾ ಝೆಡ್‌ಸಿಟಿ2 ಉಂಟಾ ನೋಡಿ ಆರ್ಡರ್ ಮಾಡಿ.

ಮುಳ್ಳೇರಿಯ_ಮೋಡ್
ಅಯ್ಯೋ, ದಿಂಬಿನ ಹತ್ರ ಇಟ್ಟು ಚಾರ್ಜ್ ಮಾಡ್ತಿದ್ದದ್ದು. ಈಗಲೇ ಹೊರಗೆ ಇಟ್ಟೆ. ಲೇಬಲಲ್ಲಿ ಝೆಡ್‌ಸಿಟಿ2 ಉಂಟು.

ಪೆರ್ಲದ_ಪ್ಲೇಯರ್
ಕ್ಲೀನರ್ ಹೊಡೆದೆ. ಪ್ಲಸ್ ಈಗ ನಡುವಿಗೆ ಬಂತು, ಹತ್ತಿಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ತಾನಾಗಿ ಆಫ್ ಆಗಿದೆ. ಎಷ್ಟು ದಿನ ನಿಲ್ತದೆ ನೋಡ್ಬೇಕು, ಪುನಃ ಜಾರಿದ್ರೆ ಕಂಟ್ರೋಲರ್ ಹಿಡ್ಕೊಂಡು ಉಪ್ಪಳಕ್ಕೆ ಬರ್ತೇನೆ ಅಣ್ಣ, ಹಾಲ್ ಎಫೆಕ್ಟ್ ಹಾಕ್ಲಿಕ್ಕೆ ಎಷ್ಟಾಗ್ತದೆ ಅಂತ ಮೆಸೇಜ್ ಮಾಡಿ.