ಪಿಡಿಇ6ಬಿ ಅಂತ ರಿಪೋರ್ಟ್ ಬಂದಿದೆ, ಎನ್ಜೈಮ್ ಮಾತ್ರೆ ತಿಂದ್ರೆ ಮಾವನ ಕಣ್ಣು ಉಳಿಯುತ್ತಾ?

ನಾಪೋಕ್ಲು_ಹುಡುಗ:
ನಮ್ಮ ಸೋದರಮಾವಂಗೆ 38, ತೋಟ ನೋಡ್ಕೊಳ್ತಾರೆ. ಸ್ಕೂಲಿಗೆ ಹೋಗೋವಾಗ್ಲೇ ಇರುಳುಗಣ್ಣಿತ್ತಂತೆ, ಕ್ಯಾರೆಟ್ ತಿನ್ಸಿ ಸುಮ್ನಾಗಿದ್ರು. ಈಗ ಸಂಜೆಯಾದ್ರೆ ಕಣದಲ್ಲಿ ಹರವಿರೋ ಕಾಫಿ ಮೇಲೇ ನಡೀತಾರೆ, ಹೋದ ತಿಂಗಳು ಲೈನ್ ಮನೆ ಹತ್ರ ಆನೆ ಬಂದಾಗ ಎಲ್ರೂ ಓಡಿದ್ರು, ಇವ್ರು ಎತ್ತ ಹೋಗ್ಬೇಕು ಅಂತ ಗೊತ್ತಾಗ್ದೆ ಅಲ್ಲೇ ನಿಂತ್ಬಿಟ್ಟಿದ್ರು. ಮೈಸೂರಿಗೆ ಕರ್ಕೊಂಡೋದ್ವಿ, ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ) ಅಂದ್ರು, ಅಂದ್ರೆ ಕಣ್ಣಿನ ಹಿಂದಿನ ಪರದೆ ರೆಟಿನಾದ ಕೋಶಗಳು ನಿಧಾನಕ್ಕೆ ಸಾಯೋ ಕಾಯಿಲೆ, ಜೀನ್ ಟೆಸ್ಟಲ್ಲಿ ಪಿಡಿಇ6ಬಿ ಅನ್ನೋ ಜೀನ್ ಕೆಟ್ಟಿದೆ ಅಂತ ಬಂತು. ಒಂದು ಎನ್ಜೈಮ್ ಕೆಲ್ಸ ಮಾಡ್ತಿಲ್ಲ ಅಂತ ಎರಡೇ ನಿಮಿಷದಲ್ಲಿ ಹೇಳಿ ಕಳ್ಸಿದ್ರು. ಅತ್ತೆ ಆನ್‌ಲೈನಲ್ಲಿ ಎನ್ಜೈಮ್ ಮಾತ್ರೆ ತರಿಸ್ತೀನಿ ಅಂತಿದಾರೆ. ಇಲ್ಲದ್ದನ್ನ ಹೊರಗಿಂದ ಕೊಟ್ರೆ ಆಯ್ತಲ್ವಾ?

ಮಡಿಕೇರಿ_ಬಯೋಕೆಮ್:
ತರಿಸ್ಬೇಡಿ ಅನ್ನಿ. ನುಂಗಿದ ಎನ್ಜೈಮ್ ಹೊಟ್ಟೇಲೇ ಜೀರ್ಣ ಆಗುತ್ತೆ, ನಿಮಗೆ ಬೇಕಾಗಿರೋದು ಕಣ್ಣಿನ ರಾಡ್ ಕೋಶದ ಒಳಗೆ, ಮಂದ ಬೆಳಕಲ್ಲಿ ನೋಡೋಕೆ ಇರೋ ಕೋಶ ಅದು. ಆ ಜೀನಿಂದ ಆಗೋ ಎನ್ಜೈಮ್ ಪಿಡಿಇ6, ಅಲ್ಲಿ ಅದ್ರ ಕೆಲ್ಸ ಏನಂದ್ರೆ ಬೆಳಕು ಬಿದ್ದ ತಕ್ಷಣ ಸೈಕ್ಲಿಕ್ ಜಿಎಂಪಿ ಅನ್ನೋ ಸಂದೇಶ ಒಯ್ಯೋ ಅಣುವನ್ನ ಒಡೆಯೋದು. ಅದು ಒಡೀದೇ ಇದ್ರೆ ರಾಶಿ ಬೀಳುತ್ತೆ, ಕೋಶದ ಚಾನೆಲ್ ಬಾಗ್ಲು ಮುಚ್ಚೋದೇ ಇಲ್ಲ, ಕ್ಯಾಲ್ಸಿಯಂ ಒಳಗೆ ನುಗ್ತಾನೇ ಇರುತ್ತೆ. ಕ್ಯಾಲ್ಸಿಯಂ ಜಾಸ್ತಿಯಾದ್ರೆ ಕ್ಯಾಲ್ಪೇನ್ ಅನ್ನೋ ಎನ್ಜೈಮ್ ಎದ್ದು ಕೋಶದ್ದೇ ಪ್ರೋಟೀನ್ ಕತ್ತರಿಸೋಕೆ ಶುರು ಮಾಡುತ್ತೆ. ಡಿಎನ್‌ಎ ರಿಪೇರಿ ಮಾಡೋ ಪಾರ್ಪ್ ಅನ್ನೋ ಎನ್ಜೈಮ್ ಕೂಡ ಅತಿಯಾಗಿ ಓಡಿ, ಕೋಶಕ್ಕೆ ಶಕ್ತಿ ಮಾಡ್ಕೊಳ್ಳೋಕೆ ಬೇಕಾದ ಎನ್‌ಎಡಿನ ಖಾಲಿ ಮಾಡುತ್ತೆ. ಅಂದ್ರೆ ಒಂದು ಎನ್ಜೈಮ್ ಸುಮ್ನಾಗಿದ್ದಕ್ಕೆ ಉಳಿದವು ಅತಿ ಮಾಡಿ ಕೊಲ್ತಿವೆ.

ಕಾಫಿ ಹಣ್ಣಿನ ಸಿಪ್ಪೆ ತೆಗೆದು ಪಲ್ಪಿಂಗ್ ಆದ್ಮೇಲೆ ಟ್ಯಾಂಕಲ್ಲಿ ಬೀಜದ ಲೋಳೆ ಬಿಡಿಸೋದೂ ಎನ್ಜೈಮೇ ಅಲ್ವಾ, ತೊಳಿಯೋ ಹೊತ್ತು ಮರೆತ್ರೆ ಅದೇ ಟ್ಯಾಂಕ್ ನಾತ ಹೊಡ್ದು ಬೀಜ ಹಾಳು, ಹೆಚ್ಚುಕಮ್ಮಿ ಹಾಗೇ. ಇದೇ ಜೀನ್ ಕೆಟ್ಟ ಇಲಿಗಳಲ್ಲಿ ಹುಟ್ಟಿದ ಮೂರು ವಾರದಲ್ಲಿ ರಾಡ್‌ಗಳು ಬಹುತೇಕ ಹೋಗಿರುತ್ವೆ. ಲ್ಯಾಬಲ್ಲಿ ಪಾರ್ಪ್ ತಡೆದಾಗ ಒಂದಷ್ಟು ಉಳಿದಿವೆ, ಅದು ಇಲಿ ರೆಟಿನಾದಲ್ಲಿ, ಮನುಷ್ಯರ ಈ ಕಾಯಿಲೆಗೆ ಮಾತ್ರೆ ಅಂತ ಇಲ್ಲ.

ನಾಪೋಕ್ಲು_ಹುಡುಗ:
ಮತ್ತೆ ಹಗಲಲ್ಲಿ ಚೆನ್ನಾಗೇ ಕಾಣುತ್ತಲ್ಲ ಸರ್?

ಮಡಿಕೇರಿ_ಬಯೋಕೆಮ್:
ಹಗಲು, ಬಣ್ಣ ಎಲ್ಲ ಕೋನ್ ಕೋಶದ್ದು, ಅವಕ್ಕೆ ಈ ಜೀನ್ ಬೇಡ. ಆದ್ರೆ ಸುತ್ತ ರಾಡ್ ಸತ್ತ ಮೇಲೆ ಅವೂ ನಿಧಾನಕ್ಕೆ ಹೋಗ್ತವೆ. ಅದೇ ಬೇಜಾರಿನ ವಿಷ್ಯ.

ವಿರಾಜಪೇಟೆ_ಟಾರ್ಚ್:
ನಂಗೂ ಆರ್‌ಪಿ ಇದೆ ಬ್ರೋ, ಬೇರೆ ಜೀನು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ಥೆರಪಿ ಲಕ್ಸ್‌ಟರ್ನಾ ಬಗ್ಗೆ ಯಾರಾದ್ರೂ ಹೇಳಿದ್ರೆ ಕೇಳಿ, ಅದು ಆರ್‌ಪಿಇ65 ಅನ್ನೋ ಜೀನ್ ಕೆಟ್ಟವ್ರಿಗೆ ಮಾತ್ರ, ಮಾವಂಗೆ ಆಗಲ್ಲ. ವಿಟಮಿನ್ ಎ ಕೂಡ ಸುಮ್ನೆ ನುಂಗಿಸ್ಬೇಡಿ, ಲಿವರ್ ಕೆಡುತ್ತೆ. ಇನ್ನೊಂದು, ನಾಚ್ಕೆ ಬಿಟ್ಟು ಹೇಳಿ, ವಯಾಗ್ರ ಥರದ ಮಾತ್ರೆ ಪಿಡಿಇ6ನೂ ಸ್ವಲ್ಪ ತಡೆಯುತ್ತೆ, ಡಾಕ್ಟ್ರನ್ನ ಕೇಳದೆ ಮುಟ್ಟೋದು ಬೇಡ. ಕಣದ ಅಂಚಿಗೆ ಬಿಳಿ ಸುಣ್ಣ ಹೊಡ್ಸಿ, ಹಣೆಗೆ ಕಟ್ಟೋ ಟಾರ್ಚ್ ಕೊಡ್ಸಿ. ನಾನು ಅದ್ರಲ್ಲೇ ಓಡಾಡೋದು.

ನಾಪೋಕ್ಲು_ಹುಡುಗ:
ಥ್ಯಾಂಕ್ಸ್ ಅಣ್ಣ, ಸುಣ್ಣ ನಾಳೆನೇ. ಮಾತ್ರೆ ಮಾತ್ರ ಅತ್ತೆ ಆಗ್ಲೇ ಆರ್ಡರ್ ಮಾಡ್ಬಿಟ್ಟಿದಾರಂತೆ, ಕುಶಾಲನಗರಕ್ಕೆ ಬಂದಿದೆ ಅಂತ ಈಗ ಮೆಸೇಜ್ ಬಂತು 😑