ಸಹಾಯ ಬೇಕು: ಉಡುಪಿಯಲ್ಲಿ ಇವತ್ತೇ ಕಾಲಿನ ಡಾಪ್ಲರ್ ಸ್ಕ್ಯಾನ್

ಮಲ್ಪೆಯ 34 ವರ್ಷದ ಒಬ್ಬರಿಗೆ ಕಾಲಿನ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ತುರ್ತಾಗಿ ಆಗಬೇಕು, ವೈದ್ಯರ ಚೀಟಿ ಇದೆ. ಭಾನುವಾರ ಉಡುಪಿ, ಮಣಿಪಾಲದಲ್ಲಿ ಎಲ್ಲಿ ಮಾಡ್ತಾರೆ?

ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರುಮಾಡಿ ಎರಡು ತಿಂಗಳು. ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲ ತಿಂಗಳುಗಳಲ್ಲೇ ಹೆಚ್ಚು. ಎಡಗಾಲಿನ ಮೀನಖಂಡ ಮಾತ್ರ ಊದಿ ಬಿಸಿಯಾಗಿದೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪ್ ಹಿಡಿದರೆ ಬಲಗಾಲಿಗಿಂತ 4 ಸೆಂ.ಮೀ. ದಪ್ಪ. ವ್ಯತ್ಯಾಸ 3 ದಾಟಿದ ಮೇಲೆ ಉಳುಕು ಅಂತ ಬಿಡುವ ಹಾಗಿಲ್ಲ.

ಎಣ್ಣೆ ಹಚ್ಚಿ ನೀವಲು ದಯವಿಟ್ಟು ಹೇಳಬೇಡಿ, ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಉಸಿರು ಕಟ್ಟಿದರೆ, ಎದೆನೋವು ಬಂದರೆ 108. ನಾಲ್ಕು ಗಂಟೆಯೊಳಗೆ ಸ್ಕ್ಯಾನ್ ಸಿಗದಿದ್ದರೆ ಕ್ಯಾಶುವಲ್ಟಿಗೇ ಒಯ್ಯುತ್ತೇವೆ; ಅಲ್ಲಿ ಹೆಪ್ಪು ತಡೆಯುವ ಔಷಧವನ್ನು ಸ್ಕ್ಯಾನ್‌ಗೆ ಮೊದಲೇ ಕೊಡುವುದುಂಟು. ಗೊತ್ತಿದ್ದವರು ಬೇಗ ತಿಳಿಸಿ.